ಬಾಡಿಗೆ ಮನೆಯಲ್ಲಿ ತುರ್ತು ರಿಪೇರಿ, ದುಡ್ಡು ಯಾರದು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರು, ಬಾಡಿಗೆಗೆ ಕೊಟ್ಟವರು, ಇಬ್ಬರೂ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಲಿಫ್ಟ್ ಹತ್ತಿರ ನಿಲ್ಲಿಸಿ ಕೇಳುತ್ತಾರೆ, ಉದ್ದುದ್ದ ಪತ್ರ ಬರೆದೂ ಕೇಳುತ್ತಾರೆ. ಅವರು ಕೇಳಿದ ಮಾತಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕೋರ್ಟು ಕಚೇರಿಯದು ಕೊನೆಗೆ. ನಾನು ವಕೀಲನಲ್ಲ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಕೆಲಸ ನೋಡಿಕೊಂಡು ಎರಡೂ ಕಡೆಯ ಜಗಳ ಕೇಳಿಸಿಕೊಂಡವನು. ಲಕ್ಷದ ಲೆಕ್ಕ ಬಂದರೆ ವಕೀಲರನ್ನೇ ಕಾಣಿ.

## ಮೊದಲು ಗೊತ್ತಿರಬೇಕಾದ್ದು

ಒಂದೇ ಮಾತಲ್ಲಿ ಹೇಳಿ ಸರ್, ಓನರ್ ಕೊಡಬೇಕಾ ನಾನು ಕೊಡಬೇಕಾ?

ಒಂದೇ ಮಾತಲ್ಲಿ ಆಗಲ್ಲ, ಮೂರು ಮಾತಲ್ಲಿ ಹೇಳಬಹುದು. ಗೋಡೆ, ಸ್ಲ್ಯಾಬ್, ಗೋಡೆಯೊಳಗಿನ ಪೈಪು, ವೈರಿಂಗ್, ಸಂಪು, ಟ್ಯಾಂಕು, ಹೀಗೆ ಮನೆ ಜೊತೆಗೇ ಬಂದದ್ದು ಹಳೆಯದಾಗಿ ಕೆಟ್ಟರೆ ಓನರ್ ದುಡ್ಡು. ನಲ್ಲಿ ವಾಷರ್, ಬಲ್ಬು, ಸ್ವಿಚ್ಚು, ಶವರ್ ಪೈಪು, ಹೀಗೆ ನೀವು ದಿನಾ ಬಳಸಿ ಸವೆಸುವ ಸಣ್ಣ ಸಾಮಾನು ನಿಮ್ಮ ದುಡ್ಡು. ದೊಡ್ಡದಿರಲಿ ಚಿಕ್ಕದಿರಲಿ, ನಿಮ್ಮ ಕೈಯಿಂದ ಒಡೆದರೆ ನಿಮ್ಮದೇ.

ತುರ್ತು ಅಂದಾಗ ಇದರ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ. ಖರ್ಚನ್ನು ಎರಡು ಭಾಗ ಮಾಡಿ. ಹಾನಿ ನಿಲ್ಲಿಸುವ ಖರ್ಚು ಒಂದು, ಸರಿ ಮಾಡಿಸುವ ಖರ್ಚು ಇನ್ನೊಂದು. ಮೊದಲನೆಯದಕ್ಕೆ ಯಾರ ಒಪ್ಪಿಗೆಗೂ ಕಾಯಬೇಡಿ. ಎರಡನೆಯದನ್ನು ಓನರ್‌ಗೆ ಹೇಳದೆ ಮುಟ್ಟಬೇಡಿ. ನಾನು ನೋಡಿದ ಜಗಳಗಳಲ್ಲಿ ಬಹುಪಾಲು ಎರಡನ್ನೂ ಒಂದೇ ರಾತ್ರಿ ಮಾಡಿಸಿ ಬೆಳಿಗ್ಗೆ ಬಿಲ್ ಕಳಿಸಿದ್ದರಿಂದಲೇ ಶುರುವಾದವು.

ಯಾವುದನ್ನ ಎಮರ್ಜೆನ್ಸಿ ಅನ್ನಬಹುದು? ಗೀಸರ್ ಕೆಟ್ಟರೆ ಎಮರ್ಜೆನ್ಸಿನಾ?

ಬೆಳಗಿನವರೆಗೆ ಬಿಟ್ಟರೆ ಜೀವಕ್ಕೆ ಅಪಾಯ, ಅಥವಾ ಹಾನಿ ಇನ್ನೂ ದೊಡ್ಡದಾಗುತ್ತದೆ ಅಂದರೆ ಅದು ತುರ್ತು. ಪೈಪ್ ಒಡೆದದ್ದು, ಗ್ಯಾಸ್ ವಾಸನೆ, ಗೋಡೆ ಮುಟ್ಟಿದರೆ ಶಾಕ್ ಹೊಡೆಯುವುದು, ಕಮೋಡಿನಿಂದ ಕೊಳಚೆ ಉಕ್ಕುವುದು, ಬಾಗಿಲು ಹಾಕಲು ಬಾರದಂತೆ ಬೀಗ ಕೆಟ್ಟದ್ದು. ಗೀಸರ್ ಕೆಟ್ಟರೆ ಕಷ್ಟ ನಿಜ, ಅದೂ ಡಿಸೆಂಬರಿನಲ್ಲಿ. ಆದರೆ ಗ್ಯಾಸ್ ಮೇಲೆ ಒಂದು ಪಾತ್ರೆ ನೀರು ಕಾಯಿಸಿದರೆ ದಿನ ಕಳೆಯುತ್ತದೆ. ಅದೇ ಗೀಸರ್ ಸೋರಿ ಸ್ವಿಚ್ ಬೋರ್ಡಿಗೆ ನೀರು ಇಳಿಯುತ್ತಿದ್ದರೆ ಆಗ ಎಮರ್ಜೆನ್ಸಿ.

ರಾತ್ರಿ ಹನ್ನೊಂದಕ್ಕೆ ಬಾತ್‌ರೂಮ್ ಪೈಪ್ ಒಡೆದಿದೆ, ಓನರ್ ಫೋನ್ ಎತ್ತುತ್ತಿಲ್ಲ. ಏನ್ ಮಾಡ್ಲಿ?

ಫೋನ್ ಪಕ್ಕಕ್ಕಿಡಿ, ಮೊದಲು ನೀರು ನಿಲ್ಲಿಸಿ. ನೀರು ಸ್ವಿಚ್ ಬೋರ್ಡ್ ಕಡೆ ಹರಿಯುತ್ತಿದ್ದರೆ ಅದಕ್ಕೂ ಮುಂಚೆ ಮೆಯಿನ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಕರೆಂಟ್ ಸ್ವಿಚ್) ಆಫ್ ಮಾಡಿ, ಒಣಗಿದ ಕೈಯಲ್ಲಿ, ಒಣಗಿದ ನೆಲದ ಮೇಲೆ ನಿಂತು.

ವಾಷ್‌ಬೇಸಿನ್ ಅಥವಾ ಕಮೋಡ್ ಹತ್ತಿರ ಒಡೆದಿದ್ದರೆ, ಗೋಡೆಯಿಂದ ಪೈಪ್ ಹೊರಬರುವ ಬುಡದಲ್ಲೇ ಸಣ್ಣದೊಂದು ಆಂಗಲ್ ಕಾಕ್ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಬಂದ್. ವರ್ಷಗಟ್ಟಲೆ ಯಾರೂ ಮುಟ್ಟದಿದ್ದರೆ ಬೋರ್ ನೀರಿನ ಉಪ್ಪು ಕಟ್ಟಿ ಬಿಗಿದುಕೊಂಡಿರುತ್ತದೆ. ಬಟ್ಟೆ ಸುತ್ತಿ ನಿಧಾನವಾಗಿ ತಿರುಗಿಸಿ. ಇಕ್ಕಳ ಹಾಕಿ ಜೋರು ಮಾಡಿದರೆ ಕಾಕೇ ಕಿತ್ತುಬಂದು ಪೂರ್ತಿ ನೀರು ಮುಖಕ್ಕೆ ಹೊಡೆಯುತ್ತದೆ. ಅದು ಜಗ್ಗದಿದ್ದರೆ ಟೆರೇಸಿಗೆ ಹೋಗಿ, ಟ್ಯಾಂಕಿನ ಬುಡದಲ್ಲಿರುವ ಗೇಟ್ ವಾಲ್ವ್ ಮುಚ್ಚಿ. ಒಂದೇ ಟ್ಯಾಂಕಿನಿಂದ ನಾಲ್ಕು ಪೈಪ್ ಇಳಿದಿರುತ್ತವೆ, ಕತ್ತಲಲ್ಲಿ ನಿಮ್ಮದು ಯಾವುದು ಅಂತ ಗೊತ್ತಾಗಲ್ಲ. ಈ ಭಾನುವಾರವೇ ಹಗಲಲ್ಲಿ ನೋಡಿ ಆ ಪೈಪಿನ ಮೇಲೆ ಮನೆ ನಂಬರ್ ಬರೆದಿಡಿ.

ನೀರು ನಿಂತಿತಾ? ಈಗ ಫೋಟೊ, ವಿಡಿಯೊ ತೆಗೆದು ಓನರ್‌ಗೆ ಮೆಸೇಜ್ ಹಾಕಿ ಮಲಗಿ. ನಿಲ್ಲದಿದ್ದರೆ ಮಾತ್ರ ಪ್ಲಂಬರ್ ಕರೆಸಿ, ಒಡೆದ ಜಾಗಕ್ಕೆ ಎಂಡ್ ಕ್ಯಾಪ್ ಹಾಕಿಸಿ. "ಹೇಗೂ ಬಂದಿದೀನಿ ಸರ್, ಪೂರ್ತಿ ಲೈನ್ ಬದಲಾಯಿಸಿಬಿಡೋಣ" ಅಂತ ಅವನು ಹೇಳೇ ಹೇಳುತ್ತಾನೆ. ನಾಳೆ ನೋಡೋಣ ಅನ್ನಿ. ಕ್ಯಾಪ್ ಹಾಕಿದ ದುಡ್ಡು ಕೊಡಲ್ಲ ಅನ್ನುವ ಓನರ್ ಅಪರೂಪ. ಹೇಳದೆ ಕೇಳದೆ ಟೈಲ್ಸ್ ಒಡೆಸಿದ ಬಿಲ್ಲಿಗೆ ಸುಮ್ನೆ ಒಪ್ಪುವ ಓನರ್ ಇನ್ನೂ ಅಪರೂಪ.

ಓನರ್‌ಗೆ ಫೋನಲ್ಲೇ ಹೇಳಿದೀನಿ, ಅವರೂ "ಮಾಡಿಸಿ ಮಾಡಿಸಿ" ಅಂದ್ರು. ಅಷ್ಟು ಸಾಲದಾ?

ಸಾಲದು. ಆರು ತಿಂಗಳ ನಂತರ ಅಡ್ವಾನ್ಸ್ ವಾಪಸ್ ಕೊಡುವ ಹೊತ್ತಿಗೆ ಆ "ಮಾಡಿಸಿ" ಯಾರಿಗೂ ನೆನಪಿರಲ್ಲ. ಫೋನ್ ಇಟ್ಟ ಕೂಡಲೇ ವಾಟ್ಸಾಪಿನಲ್ಲಿ ಬರೆದು ಹಾಕಿ. ಹೀಗೆ:

"ನಮಸ್ಕಾರ ಸರ್. ರಾತ್ರಿ 10.50ಕ್ಕೆ ಹಿಂದಿನ ಬಾತ್‌ರೂಮ್ ಗೋಡೆಯೊಳಗಿನ ಪೈಪ್ ಒಡೆದು ನೀರು ಹಾಲ್‌ಗೆ ಬಂತು. ಪ್ಲಂಬರ್ ಕರೆಸಿ ಸದ್ಯಕ್ಕೆ ಬಂದ್ ಮಾಡಿಸಿದ್ದೇನೆ, 900 ರೂಪಾಯಿ ಆಯಿತು. ಬಿಲ್ಲು, ವಿಡಿಯೊ ಕೆಳಗಿದೆ. ಗೋಡೆ ಒಡೆದು ಪೈಪ್ ಬದಲಾಯಿಸಬೇಕಂತೆ, 6,000 ಹೇಳುತ್ತಿದ್ದಾನೆ. ನಿಮ್ಮ ಕಡೆಯ ಪ್ಲಂಬರ್ ಇದ್ದರೆ ನಾಳೆ ಮಧ್ಯಾಹ್ನದೊಳಗೆ ಕಳಿಸಿ. ಇಲ್ಲಾಂದ್ರೆ ಇವನ ಕೈಲೇ ಮಾಡಿಸಲಾ, ತಿಳಿಸಿ."

ಇದರಲ್ಲಿ ಏನಾಯಿತು, ಎಷ್ಟಾಯಿತು, ಮುಂದೆ ಎಷ್ಟಾಗುತ್ತದೆ, ಎಲ್ಲಾ ಬಂತು. ಅವರ ಪ್ಲಂಬರ್ ಕಳಿಸುವ ಅವಕಾಶವನ್ನೂ ಕೊಟ್ಟಿರಿ. ಬಿಲ್ ಹೆಚ್ಚಾಯಿತು ಅಂತ ಆಮೇಲೆ ತಗಾದೆ ತೆಗೆಯುವುದು ಕಷ್ಟ.

ಪ್ಲಂಬರ್ ಬಿಲ್ ಕೊಡಲ್ಲ ಅಂತಾನೆ. ಫೋನ್‌ಪೇ ಸ್ಕ್ರೀನ್‌ಶಾಟ್ ನಡೆಯುತ್ತಾ?

ದುಡ್ಡು ಹೋಗಿದೆ ಅನ್ನುವುದಕ್ಕೆ ನಡೆಯುತ್ತದೆ. ಯಾಕೆ ಹೋಯಿತು ಅನ್ನುವುದು ಅದರಲ್ಲಿ ಇರಲ್ಲ. ಒಂದು ಬಿಳಿ ಹಾಳೆಯಲ್ಲಿ ಬರೆಸಿಕೊಂಡರೂ ಸಾಕು. ಹೆಸರು, ಫೋನ್ ನಂಬರ್, ತಾರೀಕು, ಸಾಮಾನಿಗೆ ಎಷ್ಟು, ಕೂಲಿ ಎಷ್ಟು. ಜೊತೆಗೆ ಯಾಕೆ ಕೆಟ್ಟಿತು ಅನ್ನುವ ಒಂದು ಸಾಲು ಇರಲಿ: "ಹಳೆಯ ಜಿಐ ಪೈಪ್ ತುಕ್ಕು ಹಿಡಿದು ಒಡೆದಿದೆ." "ಪ್ಲಂಬಿಂಗ್ ಕೆಲಸ, 2,800" ಅಂತ ಬರೆದ ಚೀಟಿಗಿಂತ ಆ ಒಂದು ಸಾಲಿಗೆ ಬೆಲೆ ಜಾಸ್ತಿ. ಕಿತ್ತ ಹಳೆ ಪೈಪಿನ ತುಂಡನ್ನೂ ಕವರಿಗೆ ಹಾಕಿ ಇಟ್ಟುಕೊಳ್ಳಿ, ಓನರ್ ಬಂದಾಗ ತೋರಿಸಬಹುದು.

## ಮನೆಯೊಳಗಿನ ಒಂದೊಂದು ತಾಪತ್ರಯ

ನಮ್ಮ ಮನೆಗೆ ಮಾತ್ರ ಕರೆಂಟ್ ಇಲ್ಲ, ಪಕ್ಕದವರಿಗೆ ಇದೆ. ಬೆಸ್ಕಾಂಗೆ ಹೇಳಬೇಕಾ ಓನರ್‌ಗಾ?

ಮೀಟರ್ ಹತ್ತಿರ ಹೋಗಿ ನೋಡಿ. ಕಂಬದಿಂದ ಮೀಟರ್‌ವರೆಗಿನ ಲೈನ್ ಬೆಸ್ಕಾಂ ನೋಡುತ್ತದೆ. ಮೀಟರಿಂದ ಈಚೆಗೆ ಮನೆಯವರ ಜವಾಬ್ದಾರಿ. ಮೀಟರಿನ ಡಿಸ್‌ಪ್ಲೇನೇ ಸತ್ತಿದ್ದರೆ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. ಮೀಟರ್ ಓಡುತ್ತಿದ್ದು ಮನೆಯಲ್ಲಿ ಕತ್ತಲೆ ಅಂದರೆ ಒಳಗಿನ ತೊಂದರೆ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಮಧ್ಯೆ ಅಸೋಸಿಯೇಷನ್ನಿನ ಪ್ಯಾನೆಲ್ ಇರುತ್ತದೆ, ಅಲ್ಲಿನ ಎಲೆಕ್ಟ್ರಿಷಿಯನ್‌ನನ್ನು ಮೊದಲು ಕರೆಯಿರಿ. ಮತ್ತೆ, ಬಿಲ್ ಕಟ್ಟಿದ್ದೀರಿ ತಾನೇ? ಒಮ್ಮೆ ನೋಡಿಕೊಳ್ಳಿ.

ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ಎಲ್ಲಾ ಪ್ಲಗ್ ಕಿತ್ತು ಒಂದೊಂದಾಗಿ ಹಾಕಿ ನೋಡಿ. ನಿಮ್ಮ ಇಸ್ತ್ರಿ ಪೆಟ್ಟಿಗೆ ಹಾಕಿದಾಗಲೇ ಬಿದ್ದರೆ ರಿಪೇರಿ ನಿಮ್ಮದು. ಏನೂ ಹಾಕದೇ ಬಿದ್ದರೆ ಅನುಮಾನ ವೈರಿಂಗ್ ಮೇಲೆ, ಅದು ಓನರ್‌ದು. ಬೀಳುತ್ತೆ ಅಂತ ಜಾಸ್ತಿ ಆಂಪಿಯರಿನ ಎಂಸಿಬಿ ಹಾಕಿಸಬೇಡಿ. ಅದು ಬೀಳಲ್ಲ, ಬದಲಿಗೆ ವೈರು ಸುಡುತ್ತದೆ.

ಗೀಸರ್ ಕಾಯಿಲ್ ಹೋಗಿದೆ. ಗೀಸರ್ ಓನರ್‌ದು, ಬಳಸಿದ್ದು ನಾನು. ಯಾರು ಕೊಡೋದು?

ಪದ್ಧತಿ ಏನೆಂದರೆ ರಿಪೇರಿ ಬಾಡಿಗೆದಾರರದು, ಹೊಸ ಗೀಸರ್ ಓನರ್‌ದು. ನನಗೂ ಇದು ಸರಿ ಅನ್ನಿಸುತ್ತದೆ, ಒಂದು ಷರತ್ತಿನ ಮೇಲೆ. ನೀವು ಬಂದು ಎರಡು ವರ್ಷ ಆಗಿದ್ದರೆ ಕಾಯಿಲ್ ನಿಮ್ಮದು. ಬಂದು ಎರಡೇ ತಿಂಗಳಾಗಿದ್ದು, ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿದ್ದರೆ ಅದು ಹಿಂದಿನವರ ಕಾಲದ ಬೋರ್ ನೀರಿನ ಫಲ. ಮೆಕ್ಯಾನಿಕ್ ಬಿಚ್ಚಿದಾಗಲೇ ಫೋಟೊ ತೆಗೆದು ಓನರ್‌ಗೆ ಕಳಿಸಿ, ಅರ್ಧ ಅರ್ಧ ಕೇಳಿ.

ನಾಲ್ಕು ಮನೆಗೂ ಒಂದೇ ಮೋಟಾರ್, ಸುಟ್ಟುಹೋಗಿದೆ. ಓನರ್ ನಾಲ್ಕು ಜನ ಹಂಚಿಕೊಳ್ಳಿ ಅಂತಿದಾರೆ.

ಮೋಟಾರ್ ಕಟ್ಟಡದ ಸೊತ್ತು. ರೀವೈಂಡಿಂಗ್ ಇರಲಿ ಹೊಸ ಮೋಟಾರ್ ಇರಲಿ, ಓನರ್‌ದೇ ಖರ್ಚು. ಹಂಚಿಕೊಳ್ಳುವುದು ಮೋಟಾರಿನ ಕರೆಂಟ್ ಬಿಲ್ಲನ್ನು ಮಾತ್ರ. ಆದರೆ ಸಂಪಿನಲ್ಲಿ ನೀರಿಲ್ಲದಾಗ ಯಾರೋ ಸ್ವಿಚ್ ಹಾಕಿ ಆಫೀಸಿಗೆ ಹೋಗಿಬಿಟ್ಟಿದ್ದರೆ, ಮೋಟಾರ್ ಒಣಗಿ ಓಡಿ ಸುಟ್ಟಿದ್ದರೆ, ಓನರ್ ಮಾತಿನಲ್ಲೂ ನ್ಯಾಯವಿದೆ. ಸಂಪು ಖಾಲಿಯಾದರೆ ತಾನೇ ನಿಲ್ಲುವ ಆಟೊಮ್ಯಾಟಿಕ್ ಕಂಟ್ರೋಲರ್ ಹಾಕಿಸಿ ಅಂತ ಈ ನೆಪದಲ್ಲಿ ಓನರ್‌ಗೆ ಹೇಳಿ. ಒಂದು ಸಲದ ಖರ್ಚಿನಲ್ಲಿ ಈ ತಕರಾರೇ ಮುಗಿಯುತ್ತದೆ.

ಗ್ರೌಂಡ್ ಫ್ಲೋರ್ ಬಾತ್‌ರೂಮಿನಲ್ಲಿ ಯುಜಿಡಿ (ಒಳಚರಂಡಿ) ನೀರು ಉಕ್ಕುತ್ತಿದೆ. ನಾನೊಬ್ಬನೇ ಯಾಕೆ ಕ್ಲೀನ್ ಮಾಡಿಸಬೇಕು?

ನೀವೊಬ್ಬರೇ ಮಾಡಿಸಬೇಕಾಗಿಲ್ಲ. ಮೊದಲು ಎಲ್ಲಿ ಕಟ್ಟಿದೆ ನೋಡಿ. ನಿಮ್ಮ ಬಾತ್‌ರೂಮ್ ನೀರು ಮಾತ್ರ ಹೋಗದಿದ್ದರೆ ನಿಮ್ಮ ಜಾಲರಿ, ಟ್ರ್ಯಾಪಿನಲ್ಲಿ ಕೂದಲು ಕಟ್ಟಿದೆ, ಅದು ನಿಮ್ಮ ಖರ್ಚು. ಮೇಲಿನವರು ನೀರು ಬಿಟ್ಟಾಗ ನಿಮ್ಮಲ್ಲಿ ಉಕ್ಕಿದರೆ ಕಾಂಪೌಂಡ್ ಒಳಗಿನ ಚೇಂಬರ್ ಅಥವಾ ಲೈನ್ ಕಟ್ಟಿದೆ. ಅದು ಓನರ್ ಅಥವಾ ಅಸೋಸಿಯೇಷನ್ ಕೆಲಸ. ರಸ್ತೆಯ ಮ್ಯಾನ್‌ಹೋಲೂ ತುಂಬಿ ನಿಂತಿದ್ದರೆ ಜಲಮಂಡಳಿಯದು, 1916ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ಹೆಚ್ಚಾಗಿ ಆಗುವುದು ಈ ಮೂರನೆಯದು, ಯಾಕಂದರೆ ಟೆರೇಸಿನ ಮಳೆನೀರನ್ನೂ ಯುಜಿಡಿಗೆ ಬಿಟ್ಟ ಕಟ್ಟಡಗಳು ಊರತುಂಬ ಇವೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಷ್ಟೇ ಅರ್ಜೆಂಟ್ ಇರಲಿ, ಮ್ಯಾನ್‌ಹೋಲ್ ಅಥವಾ ಪಿಟ್ ಒಳಗೆ ಮನುಷ್ಯರನ್ನು ಇಳಿಸಬೇಡಿ. ಒಳಗಿನ ವಿಷಗಾಳಿಗೆ ಜನ ಸಾಯುತ್ತಾರೆ. 2013ರ ಕಾನೂನಿನಲ್ಲಿ ಹಾಗೆ ಇಳಿಸಿದವರಿಗೆ ಜೈಲೂ ಇದೆ. ನೀರು ಜೋರಾಗಿ ಹಾಯಿಸಿ ಲೈನ್ ಬಿಡಿಸುವ ಜೆಟ್ಟಿಂಗ್ ಮೆಷಿನ್ ಬರುವವರೆಗೆ ಮೇಲಿನ ಮನೆಯವರಿಗೆ ನೀರು ಬಿಡಬೇಡಿ ಅನ್ನಿ, ಅಷ್ಟೇ.

ಗ್ಯಾಸ್ ವಾಸನೆ ಬರುತ್ತಿದೆ. ಇದಕ್ಕೂ ಓನರ್‌ನ ಕೇಳಬೇಕಾ?

ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆಯಿರಿ, ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ, ಅದು ಎಲ್‌ಪಿಜಿ ಸೋರಿಕೆಗೇ ಇರುವ ನಂಬರ್. ಖರ್ಚಿನ ಮಾತು ಆಮೇಲೆ. ಸಿಲಿಂಡರ್ ಕನೆಕ್ಷನ್ ನಿಮ್ಮ ಹೆಸರಲ್ಲಿದ್ದರೆ ಟ್ಯೂಬು, ಸ್ಟವ್ ನಿಮ್ಮದೇ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿಗೆ 5 ವರ್ಷ ಆಯಸ್ಸು, ಅದರ ಮೇಲೇ ಅಚ್ಚಾಗಿರುತ್ತದೆ. ಪೈಪ್ ಗ್ಯಾಸ್ ಆದರೆ ಬಿಲ್ಲಿನ ಮೇಲೆ ಕಂಪನಿಯ ತುರ್ತು ನಂಬರ್ ಇರುತ್ತದೆ. ಲೋಕಲ್ ಪ್ಲಂಬರ್ ಕೈಗೆ ಆ ಪೈಪ್ ಕೊಡಬೇಡಿ.

ಕೀ ಕಳೆದುಹೋಗಿ ಬೀಗ ಒಡೆಸಿದೆ.

ನಿಮ್ಮ ಖರ್ಚು. ಹೊಸ ಬೀಗದ ಒಂದು ಕೀ ಓನರ್‌ಗೆ ಕೊಡಬೇಕಾ ಅನ್ನುವುದು ಅಗ್ರಿಮೆಂಟ್‌ನಲ್ಲಿ ಇದ್ದಂತೆ. ಕೀ ಸರಿಯಿದ್ದೂ ಹಳೆಯ ಲಾಕ್ ಒಳಗೇ ಮುರಿದಿದ್ದರೆ ಓನರ್‌ನ ಕೇಳಬಹುದು.

## ಅಸೋಸಿಯೇಷನ್, ಮೇಲಿನ ಮನೆ, ದೂರದ ಓನರ್

ಮೇಲಿನ ಮನೆ ಬಾತ್‌ರೂಮಿಂದ ನಮ್ಮ ಸೀಲಿಂಗ್ ತೊಟ್ಟಿಕ್ಕುತ್ತಿದೆ. ಮೇಲಿನ ಮನೆ ಆಂಟಿ "ನಾವೂ ಬಾಡಿಗೆಯವರೇ" ಅಂತಾರೆ.

ಆಂಟಿ ಹೇಳುವುದು ಸರಿ, ಅವರ ಜೊತೆ ಜಗಳ ಮಾಡಿ ಪ್ರಯೋಜನವಿಲ್ಲ. ನಲ್ಲಿ ಬಿಟ್ಟು ಮರೆತು ನೀರು ಬಂದಿದ್ದರೆ ಮಾತು ಬೇರೆ. ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಹೋಗಿದ್ದರೆ ಅದು ಮೇಲಿನ ಫ್ಲಾಟಿನ ಓನರ್ ಮಾಡಿಸಬೇಕು. ನಿಮ್ಮ ಕೆಲಸ ನಿಮ್ಮ ಓನರ್‌ಗೂ ಅಸೋಸಿಯೇಷನ್‌ಗೂ ಬರೆದು ತಿಳಿಸುವುದು. ಇಬ್ಬರು ಓನರ್‌ಗಳು ಮಾತಾಡಿಕೊಳ್ಳಲಿ.

ಎಲ್ಲಿಂದ ಸೋರುತ್ತಿದೆ ಅನ್ನುವುದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಮೇಲಿನವರು ಎರಡು ದಿನ ಆ ಬಾತ್‌ರೂಮ್ ಬಳಸದೆ ಇರಲಿ. ತೊಟ್ಟಿಕ್ಕುವುದು ನಿಂತರೆ ನೆಲ ಅಥವಾ ಡ್ರೈನ್ ಲೈನ್. ಆಗಲೂ ನಿಲ್ಲದಿದ್ದರೆ ಸದಾ ನೀರು ತುಂಬಿರುವ ಸಪ್ಲೈ ಪೈಪ್. ಡಕ್ಟಿನಲ್ಲಿ ಇಳಿಯುವ ಕಾಮನ್ ಪೈಪ್ ಆಗಿದ್ದರೆ ಅಸೋಸಿಯೇಷನ್ ದುಡ್ಡು. ಸೀಲಿಂಗಿನ ಪ್ಲಾಸ್ಟರ್ ಉಬ್ಬಿದ್ದರೆ ಕೆಳಗೆ ಮಂಚ, ತೊಟ್ಟಿಲು ಇಡಬೇಡಿ. ಸರಿ ಆಗುವವರೆಗೆ ಆ ಸೀಲಿಂಗಿನ ಫ್ಯಾನು, ಲೈಟೂ ಹಾಕಬೇಡಿ.

ಅಸೋಸಿಯೇಷನ್ ಲಿಫ್ಟ್ ರಿಪೇರಿಗೆ ಮನೆಗೆ 8,000 ಕೇಳ್ತಿದೆ. ತಿಂಗಳ ಮೇಂಟೆನೆನ್ಸ್ ನಾನೇ ಕಟ್ಟೋದು, ಇದೂ ನಾನೇನಾ?

ಅಲ್ಲ. ತಿಂಗಳ ಮೇಂಟೆನೆನ್ಸ್ ಅಂದರೆ ಸೆಕ್ಯುರಿಟಿ, ಕಸ, ಕಾಮನ್ ಕರೆಂಟು, ಲಿಫ್ಟಿನ ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ). ಅದು ಇರುವವರ ಖರ್ಚು. ಲಿಫ್ಟಿನ ರೋಪ್ ಬದಲಾವಣೆ, ಟೆರೇಸ್ ವಾಟರ್‌ಪ್ರೂಫಿಂಗ್, ಹೊಸ ಬೋರ್‌ವೆಲ್, ಇವೆಲ್ಲ ಆಸ್ತಿಗೆ ಹಾಕುವ ದುಡ್ಡು. ಅದರ ಲಾಭ ಓನರ್‌ಗೇ ಉಳಿಯುತ್ತದೆ, ಹಾಗಾಗಿ ಕೊಡಬೇಕಾದವರೂ ಅವರೇ. ಅಸೋಸಿಯೇಷನ್ನಿನ ಸದಸ್ಯರೂ ಅವರೇ ಅಲ್ವಾ, ನೀವಲ್ಲ. ಸೆಕ್ಯುರಿಟಿ ಹುಡುಗ ಬಾಗಿಲಿಗೆ ಬಂದು ಚೀಟಿ ಕೊಟ್ಟ ಅಂತ ಕಟ್ಟಿಬಿಡಬೇಡಿ, ಓನರ್‌ಗೆ ಕಳಿಸಿ.

ಬೋರ್ ಬತ್ತಿದೆ, ಟ್ಯಾಂಕರ್ ತರಿಸ್ತಿದೀವಿ. ಅದು ರಿಪೇರಿನಾ, ನೀರಿನ ಬಿಲ್ಲಾ?

ಟ್ಯಾಂಕರ್ ನೀರು ಬಳಸುವವರ ಖರ್ಚು ಅಂತಲೇ ಊರಲ್ಲಿ ನಡೆದುಬಂದಿದೆ. 2024ರ ಬೇಸಿಗೆಯಲ್ಲಿ ಎಷ್ಟೋ ಮನೆಗಳಲ್ಲಿ ಇದರ ಮೇಲೆ ಮನಸ್ತಾಪ ಆಯಿತು. ನನ್ನ ಅಭಿಪ್ರಾಯ ಹೀಗೆ. ಇಡೀ ಏರಿಯಾದಲ್ಲಿ ಬೋರ್ ಬತ್ತಿದ್ದರೆ ಬಾಡಿಗೆದಾರರು ಕೊಡಲಿ. ನಿಮ್ಮ ಕಟ್ಟಡದ ಬೋರ್ ಮೋಟಾರ್ ಕೆಟ್ಟು, ಓನರ್ ಎತ್ತಿಸದೆ ಎರಡು ವಾರ ತಳ್ಳಿದ್ದರಿಂದ ಟ್ಯಾಂಕರ್ ತರಿಸಬೇಕಾಗಿ ಬಂದರೆ ಅವರು ಕೊಡಲಿ. ಮನೆ ನೋಡಲು ಹೋದಾಗಲೇ "ಕಾವೇರಿ ಎಷ್ಟು ದಿನಕ್ಕೊಮ್ಮೆ, ಬೋರ್ ಇದೆಯಾ, ಟ್ಯಾಂಕರ್ ಬಂದರೆ ಯಾರದು" ಅಂತ ಮೂರೂ ಕೇಳಿಬಿಡಿ.

ಓನರ್ ಅಮೆರಿಕದಲ್ಲಿದ್ದಾರೆ. ನಮಗೆ ಮಧ್ಯಾಹ್ನ ಆದ್ರೆ ಅವರಿಗೆ ನಡುರಾತ್ರಿ.

ಅವರು ಇಲ್ಲಿ ಒಬ್ಬರನ್ನು ಗೊತ್ತುಮಾಡಲಿ. ಭಾವಮೈದನೋ ಪಕ್ಕದ ಮನೆಯವರೋ ಯಾರಾದರೂ ಸರಿ, ಆದರೆ "ಇವರು ಹೇಳಿದರೆ ನಾನು ಹೇಳಿದಂತೆ" ಅಂತ ಓನರ್ ಕೈಯಿಂದ ಒಂದು ಇಮೇಲ್ ಬರಬೇಕು. ಹಾಗಿಲ್ಲದಿದ್ದರೆ ಭಾವಮೈದ ಹೂಂ ಅಂದದ್ದಕ್ಕೆ ಬೆಲೆ ಇರಲ್ಲ. ಇಷ್ಟು ರೂಪಾಯಿವರೆಗೆ ಕೇಳದೆ ಖರ್ಚು ಮಾಡಬಹುದು ಅನ್ನುವ ಮಿತಿಯನ್ನೂ ಆ ಇಮೇಲಿನಲ್ಲೇ ಹಾಕಿಸಿಕೊಳ್ಳಿ.

## ಜಗಳ, ಅಡ್ವಾನ್ಸು, ಕಾನೂನು

ಅಗ್ರಿಮೆಂಟಿನಲ್ಲಿ "ಸಣ್ಣ ರಿಪೇರಿ ಬಾಡಿಗೆದಾರರದು, ದೊಡ್ಡ ರಿಪೇರಿ ಮಾಲೀಕರದು" ಅಂತಷ್ಟೇ ಇದೆ. ಸಣ್ಣದು ಅಂದ್ರೆ ಎಷ್ಟು?

ಅಲ್ಲೇ ಇರೋದು ತೊಡಕು. ಟೈಪ್ ಮಾಡುವ ಅಂಗಡಿಯಲ್ಲಿ 11 ತಿಂಗಳ ಅಗ್ರಿಮೆಂಟಿಗೆ ಒಂದೇ ನಮೂನೆ, ಹೆಸರು ಬದಲಾಯಿಸಿ ಪ್ರಿಂಟ್ ಕೊಡುತ್ತಾರೆ. ಜಗಳ ಬಂದಾಗ ಹೋಲಿಸಿ ನೋಡಲು ಒಂದು ಪಟ್ಟಿ ಬೇಕು ಅಂದರೆ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯ ಎರಡನೇ ಅನುಸೂಚಿ ನೋಡಿ. ಕೇಂದ್ರ ಸಂಪುಟ ಅದನ್ನು 2021ರ ಜೂನ್‌ನಲ್ಲಿ ಒಪ್ಪಿತು. ಕಟ್ಟಡದ ರಿಪೇರಿ, ಸುಣ್ಣ ಬಣ್ಣ, ಪೈಪ್ ಬದಲಾವಣೆ, ವೈರಿಂಗ್ ಇವು ಓನರ್ ಕಡೆ. ನಲ್ಲಿ, ವಾಷರ್, ಡ್ರೈನ್ ಕ್ಲೀನಿಂಗ್, ಕಮೋಡ್, ವಾಷ್‌ಬೇಸಿನ್, ಗೀಸರ್ ರಿಪೇರಿ, ಸ್ವಿಚ್ಚು, ಸಾಕೆಟ್ಟು, ಬೀಗ, ಕಿಟಕಿ ಗಾಜು ಇವು ಬಾಡಿಗೆದಾರರ ಕಡೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನದೇ ಕಾನೂನಾಗಿ ತಂದರಷ್ಟೇ ಕಟ್ಟುಪಾಡು. ಮಾತುಕತೆಗೆ ಕೂತಾಗ ಅಳತೆಗೋಲಾಗಿ ಬಳಸಿ, ಕಾನೂನು ಅಂತ ಹೆದರಿಸಲು ಹೋಗಬೇಡಿ.

ಓನರ್ ದುಡ್ಡು ಕೊಡ್ತಿಲ್ಲ. ಮುಂದಿನ ತಿಂಗಳ ಬಾಡಿಗೆಯಲ್ಲಿ ಹಿಡ್ಕೊಳ್ಳಲಾ?

ಹಿಡಿದುಕೊಳ್ಳಲು ದಾರಿ ಇದೆ, ಆದರೆ ಅದು ನೀವಂದುಕೊಂಡಷ್ಟು ಅಗಲ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 108(ಎಫ್) ಹೇಳುವುದು ಹೀಗೆ: ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು, ನೀವು ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ನೀವೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ಕೇಳಲು ಚೆನ್ನಾಗಿದೆ. ಆದರೆ "ಮಾಡಿಸಲೇಬೇಕಾದ" ಅನ್ನುವಲ್ಲಿ ಗಂಟಿದೆ. ಮಾಮೂಲಿ ರಿಪೇರಿಯೆಲ್ಲ ಓನರ್‌ದೇ ಅಂತ ಆ ಕಾಯ್ದೆ ಎಲ್ಲೂ ಹೇಳಿಲ್ಲ. ಅದು ಅಗ್ರಿಮೆಂಟಿನಿಂದಲೋ ಊರಿನ ರೂಢಿಯಿಂದಲೋ ಬರಬೇಕು. ಅಗ್ರಿಮೆಂಟಿನಲ್ಲಿ ಒಂದು ಸಾಲು ಇದ್ದರೆ ನಿಮ್ಮ ಕೈ ಮೇಲೆ, ಇಲ್ಲದಿದ್ದರೆ ವಾದ ಮಾಡಬೇಕು.

ಹಿಡಿಯುವುದೇ ಆದರೆ ಕ್ರಮ ತಪ್ಪಬೇಡಿ. ಬರೆದು ತಿಳಿಸಿ, ಗಡುವು ಕೊಡಿ, ಅಂದಾಜು ವೆಚ್ಚ ಕಳಿಸಿ, ಮಾಡಿಸಿ, ಬಿಲ್ ಕಳಿಸಿ, "ಈ ತಿಂಗಳ 25,000ದಲ್ಲಿ 6,900 ಕಳೆದು 18,100 ಹಾಕುತ್ತಿದ್ದೇನೆ" ಅಂತ ಬರೆದು ಉಳಿದದ್ದನ್ನು ಅದೇ ತಾರೀಕಿಗೆ ಹಾಕಿ. ಪೂರ್ತಿ ಬಾಡಿಗೆ ನಿಲ್ಲಿಸಿದರೆ ತಪ್ಪು ನಿಮ್ಮ ಕಡೆ ಬಂದು, ರಿಪೇರಿಯ ಜಗಳ ಮನೆ ಖಾಲಿ ಮಾಡಿಸುವ ಜಗಳ ಆಗಿಬಿಡುತ್ತದೆ.

ನಾವು ಭೋಗ್ಯಕ್ಕೆ ಇದ್ದೀವಿ, ತಿಂಗಳ ಬಾಡಿಗೆನೇ ಇಲ್ಲ. ಎಲ್ಲಿಂದ ಕಳೆಯೋದು?

ಕಳೆಯಲು ಏನೂ ಇಲ್ಲ, ಅದೇ ಕಷ್ಟ. "ಬಾಡಿಗೆ ಇಲ್ಲದೆ ಇದ್ದೀರಲ್ಲ, ರಿಪೇರಿ ನೀವೇ ಮಾಡಿಸಿಕೊಳ್ಳಿ" ಅನ್ನುವ ಓನರ್‌ಗಳು ಜಾಸ್ತಿ. ನಿಮ್ಮ ಲಕ್ಷಗಳ ಬಡ್ಡಿ ಅವರು ತಿನ್ನುತ್ತಿದ್ದಾರೆ, ಅದೇ ಬಾಡಿಗೆ ಅಂತ ನಗುತ್ತಲೇ ನೆನಪಿಸಿ. ಪ್ರತಿ ದೊಡ್ಡ ಖರ್ಚಿಗೂ "ಈ ಮೊತ್ತವನ್ನು ಭೋಗ್ಯದ ಹಣದ ಜೊತೆ ವಾಪಸ್ ಕೊಡುತ್ತೇನೆ" ಅಂತ ಓನರ್ ಸಹಿ ಹಾಕಿಸಿಕೊಳ್ಳಿ. ಸಹಿ ಸಿಗದಿದ್ದರೆ ತುರ್ತಿನಷ್ಟು ಮಾತ್ರ ಮಾಡಿಸಿ ನಿಲ್ಲಿಸಿ.

ಮಳೆನೀರು ಮನೆಗೆ ನುಗ್ಗಿ ಸೋಫಾ, ಫ್ರಿಜ್ ಎಲ್ಲ ಹಾಳಾಯ್ತು. ಓನರ್ ಕೊಡಬೇಕಾ?

ಕಟ್ಟಡಕ್ಕಾದ ಹಾನಿ ಓನರ್‌ದು, ನಿಮ್ಮ ಸಾಮಾನು ನಿಮ್ಮದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ, 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಜನರನ್ನು ದೋಣಿಯಲ್ಲಿ ಕರೆತಂದರು. ಅಂಥ ಕಡೆ ಓನರ್‌ನ ತಪ್ಪು ಅಂತ ತೋರಿಸುವುದು ಸುಲಭವಲ್ಲ. ಪ್ರವಾಹದಿಂದ ಮನೆ ಬಹುಪಾಲು ಹಾಳಾಗಿ ಶಾಶ್ವತವಾಗಿ ಇರಲು ಬಾರದಂತಾದರೆ ಬಾಡಿಗೆ ಕರಾರನ್ನು ಮುರಿಯುವ ಆಯ್ಕೆ ಬಾಡಿಗೆದಾರರಿಗೆ ಇದೆ, ಅದೇ 108ನೇ ಸೆಕ್ಷನ್ನಿನಲ್ಲಿ. ನಾಲ್ಕು ದಿನ ನೀರು ನಿಂತು ಇಳಿದುಹೋದರೆ ಅದು ಅನ್ವಯಿಸಲ್ಲ. ಆ ದಿನಗಳ ಬಾಡಿಗೆ ಬಿಡಿ ಅಂತ ಕೇಳಿಕೊಳ್ಳಬೇಕು, ಅಷ್ಟೇ. ಭಾರತ್ ಗೃಹ ರಕ್ಷಾ ಅನ್ನುವ ವಿಮಾ ಪಾಲಿಸಿ 2021ರ ಏಪ್ರಿಲಿನಿಂದ ಇದೆ. ಬಾಡಿಗೆದಾರರು ಮನೆ ಬಿಟ್ಟು ಸಾಮಾನಿಗೆ ಮಾತ್ರವೂ ಮಾಡಿಸಬಹುದು. ಗ್ರೌಂಡ್ ಫ್ಲೋರಿನವರು ಯೋಚಿಸಿ.

ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳು, ಮೇಲೆ ರಿಪೇರಿ ಅಂತ ಇನ್ನೂ ಹಿಡಿದುಕೊಂಡ್ರು.

ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಹಿಡಿಯುವುದು ಬೆಂಗಳೂರಿನ ಹಳೆಯ ರೂಢಿ, ಅಗ್ರಿಮೆಂಟಿನಲ್ಲೂ ಬರೆದಿರುತ್ತಾರೆ. ಅದನ್ನು ಬಿಡಿಸಿಕೊಳ್ಳುವುದು ಕಷ್ಟ. ರಿಪೇರಿಯ ಲೆಕ್ಕ ಮಾತ್ರ ಬಿಡಬೇಡಿ, ಬಿಲ್ ಕೇಳಿ. ಬಳಸಿ ಬಳಸಿ ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರ ಜವಾಬ್ದಾರನಲ್ಲ ಅಂತ ಅದೇ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ಮನೆಗೆ ಬಂದ ದಿನ, ಸಾಮಾನು ಇಳಿಸುವ ಮುಂಚೆ, ಪ್ರತಿ ನಲ್ಲಿ ಬಿಟ್ಟು, ಪ್ರತಿ ಸ್ವಿಚ್ ಹಾಕಿ ತೆಗೆದ ಒಂದು ವಿಡಿಯೊ ಓನರ್‌ಗೆ ಕಳಿಸಿದ್ದರೆ ಈ ಮಾತು ಐದು ನಿಮಿಷದಲ್ಲಿ ಮುಗಿಯುತ್ತದೆ.

ಯಾವ ಮಾತಿಗೂ ಬಗ್ಗುತ್ತಿಲ್ಲ. ಪೊಲೀಸರ ಹತ್ತಿರ ಹೋಗಲಾ, ಕೋರ್ಟಿಗೆ ಹೋಗಲಾ?

ದುಡ್ಡಿನ ವ್ಯಾಜ್ಯಕ್ಕೆ ಸ್ಟೇಷನ್ನಿಗೆ ಹೋದರೆ "ಸಿವಿಲ್ ಮ್ಯಾಟರ್" ಅಂದು ಕಳಿಸುತ್ತಾರೆ. ಓನರ್ ಕರೆಂಟು, ನೀರು ಕಿತ್ತರೆ, ಬೀಗ ಒಡೆದು ನುಗ್ಗಿದರೆ, ಹೆದರಿಸಿದರೆ ಧಾರಾಳವಾಗಿ ಹೋಗಿ, 112 ಇದೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಬೆಂಗಳೂರಿನಲ್ಲಿ ಅದರ ಮಿತಿ ತಿಂಗಳಿಗೆ 3,500 ರೂಪಾಯಿ ಬಾಡಿಗೆ. ಈಗಿನ ಫ್ಲಾಟುಗಳು ಬಹುತೇಕ ಅದರ ಹೊರಗೇ ಉಳಿಯುತ್ತವೆ.

ಮೊದಲು ವಕೀಲರ ನೋಟಿಸ್ ಕಳಿಸಿ, ಎಷ್ಟೋ ಸಲ ಅಲ್ಲಿಗೇ ದಾರಿಗೆ ಬರುತ್ತಾರೆ. ನಂತರ ಕಾನೂನು ಸೇವಾ ಪ್ರಾಧಿಕಾರ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಕೇಳದೆ ಉಚಿತ ನೆರವು ಇದೆ. ಲೋಕ ಅದಾಲತ್‌ಗೆ ಹಾಕಿದರೆ ಕೇಸಿಲ್ಲದೆಯೇ ರಾಜಿ ಆಗಬಹುದು. ಸಾಮಾನ್ಯವಾಗಿ ಹಣ ವಸೂಲಿಗೆ 3 ವರ್ಷದೊಳಗೆ ದಾವೆ ಹಾಕಬೇಕು. ವಾಟ್ಸಾಪ್ ಚಾಟ್ ಸಾಕ್ಷಿಯಾಗಿ ನಡೆಯುತ್ತದೆ, ಆದರೆ ಜೊತೆಗೆ ಪ್ರಮಾಣಪತ್ರ ಬೇಕು. 2024ರ ಜುಲೈನಿಂದ ಜಾರಿಯಾದ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಅದನ್ನು ಕೇಳುತ್ತದೆ, ನಮೂನೆ ಆ ಅಧಿನಿಯಮದ ಅನುಸೂಚಿಯಲ್ಲಿದೆ. ವ್ಯಾಜ್ಯ ಮುಗಿಯುವವರೆಗೆ ಹಳೆ ಫೋನ್ ಮಾರಬೇಡಿ. ಇನ್ನು, ಆರೇಳು ಸಾವಿರಕ್ಕೆ ಕೋರ್ಟು ಹತ್ತಬೇಕಾ ಅಂದರೆ ನಾನಂತೂ ಬೇಡ ಅನ್ನುತ್ತೇನೆ.

ಹೊಸ ಮನೆಗೆ ಹೋಗ್ತಿದೀವಿ. ಅಗ್ರಿಮೆಂಟಿನಲ್ಲಿ ಏನು ಬರೆಸಲಿ?

ಇಷ್ಟು ಸಾಕು: "ಕಟ್ಟಡ, ಗೋಡೆಯೊಳಗಿನ ಪೈಪು, ವೈರಿಂಗ್, ಮೋಟಾರ್, ವಾಟರ್‌ಪ್ರೂಫಿಂಗ್ ರಿಪೇರಿ ಮಾಲೀಕರ ಜವಾಬ್ದಾರಿ. ಒಂದು ಸಲಕ್ಕೆ 1,000 ರೂಪಾಯಿವರೆಗಿನ ಉಳಿದ ರಿಪೇರಿ ಬಾಡಿಗೆದಾರರದು. ತುರ್ತು ಸಂದರ್ಭದಲ್ಲಿ ಮಾಲೀಕರು 24 ಗಂಟೆಯೊಳಗೆ ಉತ್ತರಿಸದಿದ್ದರೆ ಬಾಡಿಗೆದಾರರು 5,000 ರೂಪಾಯಿವರೆಗೆ ಖರ್ಚು ಮಾಡಿ, ಬಿಲ್ ಕೊಟ್ಟು, ಮುಂದಿನ ಬಾಡಿಗೆಯಲ್ಲಿ ಕಳೆಯಬಹುದು. ತಿಳುವಳಿಕೆ ವಾಟ್ಸಾಪಿನಲ್ಲಿ ಕೊಟ್ಟರೆ ಸಾಕು." ಮೊತ್ತಗಳನ್ನು ನಿಮ್ಮ ಬಾಡಿಗೆಗೆ ತಕ್ಕಂತೆ ಹಾಕಿಕೊಳ್ಳಿ. ಅಡ್ವಾನ್ಸ್ ಕೊಡುವ ಮುಂಚೆ ಕೇಳಿದರೆ ಓನರ್ ಒಪ್ಪುತ್ತಾರೆ. ಕೊಟ್ಟ ಮೇಲೆ "ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ.

ನಾನು ಓನರ್. ಬಾಡಿಗೆಯವರು ಹೇಳದೆ ಕೇಳದೆ 18,000 ಖರ್ಚು ಮಾಡಿ ಬಿಲ್ ಕಳಿಸಿದ್ದಾರೆ. ಕೊಡಬೇಕಾ?

ಪೂರ್ತಿ ಇಲ್ಲ ಅನ್ನಬೇಡಿ, ಪೂರ್ತಿ ಹೂಂ ಅನ್ನಲೂ ಬೇಡಿ. ಬಿಲ್ಲನ್ನು ಬಿಡಿಸಿ. ಸೋರಿಕೆ ನಿಲ್ಲಿಸಿದ ಖರ್ಚನ್ನು ಇವತ್ತೇ ಕೊಡಿ, ನಿಮ್ಮ ಮನೆ ಉಳಿಸಿದ್ದಾರೆ. ಉಳಿದದ್ದಕ್ಕೆ ನಿಮ್ಮ ಪ್ಲಂಬರ್‌ನಿಂದ ಒಂದು ಅಂದಾಜು ತರಿಸಿ, ಆ ಕೆಲಸ ಬೇಕೇ ಬೇಕಿತ್ತು ಅಂದರೆ ಅಂದಾಜಿನಷ್ಟು ಕೊಡಿ. ಹಳೆಯದು ಚೆನ್ನಾಗಿದ್ದರೂ ದುಬಾರಿ ಬ್ರ್ಯಾಂಡಿನ ಶವರ್ ಹಾಕಿಸಿಕೊಂಡಿದ್ದರೆ ಅದು ಅವರ ಖುಷಿ, ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಲಿ, ಹಳೆಯದನ್ನು ಹಾಕಿ ಹೋಗಲಿ. ಇನ್ನೊಂದು ವಿಷಯ, ಬಾಡಿಗೆ ಆದಾಯಕ್ಕೆ ಟ್ಯಾಕ್ಸ್ ಲೆಕ್ಕ ಹಾಕುವಾಗ ಆಸ್ತಿ ತೆರಿಗೆ ಕಳೆದು ಉಳಿದದ್ದರಲ್ಲಿ 30% ಬಿಟ್ಟು ಲೆಕ್ಕ ಮಾಡುತ್ತಾರೆ. ನೀವು ರಿಪೇರಿಗೆ ಒಂದು ರೂಪಾಯಿ ಹಾಕದಿದ್ದರೂ ಆ ರಿಯಾಯಿತಿ ಸಿಗುತ್ತದೆ. ಬಾಡಿಗೆಯವರ ಬಿಲ್ ನೋಡುವಾಗ ಅದೂ ಲೆಕ್ಕದಲ್ಲಿರಲಿ.